ಆಟ ಕಟ್ಟುವವರ ಮಾತು

ಆಟಿಕೆಯನ್ನು ಮಾಡುವವನ ಕೆಲಸ ಆಟವಲ್ಲ. ಕೊಪ್ಪಳಕ್ಕೆ ಸಮೀಪದಲ್ಲಿರುವ ಕಿನ್ನಾಳವನ್ನು ನೋಡಿದವರಿಗೆ ಈ ಮಾತು ಬೇಗ ಮನದಟ್ಟಾಗುವುದು. ಅಲ್ಲಿಯ ಚಿತ್ರಗಾರರು ಹಗುರವಾದ ಮರವನ್ನು ಕೆತ್ತುತ್ತಾರೆ. ಸೆಣಬಿನ ಚಿಂದಿ, ಮರದ ಹೊಟ್ಟು, ಹುಣಿಸೆಬೀಜದ ಅಂಟು ಇವುಗಳನ್ನು ಕಲಸಿ ಮಾಡಿದ ಕಿಟ್ಟದಿಂದ ಗೊಂಬೆಯ ಅಂಗಾಂಗಗಳನ್ನು ಕೂಡಿಸುತ್ತಾರೆ. ಆಮೇಲೆ ಬಣ್ಣ ಕೊಡುತ್ತಾರೆ. ಗೊಂಬೆಯನ್ನು ಕೈಗೆತ್ತಿಕೊಂಡ ಮಗು ನಗುತ್ತದೆ. ಆದರೆ ಅದಕ್ಕಾಗಿ ಎಷ್ಟು ದಿನ ಹಿಡಿಯಿತು, ಯಾರ ಬೆನ್ನು ಬಾಗಿತು, ಯಾರ ಕಣ್ಣು ಸೋತಿತು ಎಂಬುದನ್ನು ಗೊಂಬೆ ಹೇಳಲಾರದು. ಹೇಳುವುದಾದರೆ ಅದನ್ನು ಮಾಡಿದವನೇ ಹೇಳಬೇಕು.

ಇಂದು ನವಲಿ, ಕಾರಟಗಿ, ಗಂಗಾವತಿಗಳ ತರುಣರ ಕೈಯಲ್ಲಿ ಇನ್ನೊಂದು ಬಗೆಯ ಗೊಂಬೆಯಿದೆ. ಅದು ಮರದ್ದಲ್ಲ, ಬೆಳಕಿನದು. ಮೊಬೈಲ್ ಫೋನಿನ ಅಂಗೈಯಗಲದ ಗಾಜಿನ ಮೇಲೆ ಕುದುರೆ ಓಡುತ್ತದೆ, ಕಾರು ಉರುಳುತ್ತದೆ, ಮಳೆ ಸುರಿಯುತ್ತದೆ. ಈ ವಿಡಿಯೊ ಆಟಗಳನ್ನು ಕಟ್ಟುವವರು ಯಾರು? ಅವರ ದಿನಚರಿ ಎಂತಹದು? ಅವರು ತಮ್ಮ ಕೆಲಸದ ವಿಷಯವನ್ನು ಬಹಿರಂಗವಾಗಿ ಹೇಳಬಹುದೇ? ಹೇಳಿದರೆ ನಾವು ಅದನ್ನು ಎಷ್ಟರ ಮಟ್ಟಿಗೆ ನಂಬಬೇಕು? ಕಳೆದ ಎರಡು ದಶಕಗಳಿಂದ ಜಗತ್ತಿನ ಅನೇಕ ಕಡೆ ಈ ಪ್ರಶ್ನೆಗಳು ಎದ್ದಿವೆ. ಬೆಂಗಳೂರಿಗೂ ಇದರಲ್ಲಿ ಪಾಲಿದೆ. ಕಂಪ್ಯೂಟರ್ ವಿದ್ಯೆಯನ್ನು ಕಲಿತು ಮುಂದೆ ಇಂತಹ ಕೆಲಸಕ್ಕೆ ಸೇರಬೇಕೆಂದಿರುವ ವಿದ್ಯಾರ್ಥಿಗಳು ಈ ಪ್ರಶ್ನೆಗಳನ್ನು ಮೊದಲೇ ಯೋಚಿಸಿಕೊಂಡಿರುವುದು ಲೇಸು.

ಒಂದು ಆಟದ ಹಿಂದೆ ಎಷ್ಟು ಕೈಗಳು?

ವಿಡಿಯೊ ಆಟವೆಂದರೆ ಒಂದು ಬಗೆಯ ಚಲನಚಿತ್ರವೇ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಚಲನಚಿತ್ರದಲ್ಲಿ ಮುಂದಿನ ಚಿತ್ರ ಯಾವುದೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಆಟದಲ್ಲಿ ಹಾಗಲ್ಲ. ಆಡುವವನು ಎಡಕ್ಕೆ ತಿರುಗಿದರೆ ಒಂದು ಚಿತ್ರ, ಬಲಕ್ಕೆ ತಿರುಗಿದರೆ ಮತ್ತೊಂದು. ಸೆಕೆಂಡಿಗೆ ೬೦ ಚಿತ್ರಗಳಂತೆ ತೋರಿಸುವ ಆಟದಲ್ಲಿ ಪ್ರತಿಯೊಂದು ಚಿತ್ರವನ್ನೂ ಯಂತ್ರವು ಆ ಕ್ಷಣದಲ್ಲಿಯೇ ಬರೆದು ಮುಗಿಸಬೇಕು. ಅದಕ್ಕೆ ದೊರೆಯುವ ಕಾಲ ಒಂದು ಸೆಕೆಂಡಿನ ಅರವತ್ತನೆಯ ಒಂದು ಭಾಗ. ಎಂದರೆ ಸುಮಾರು ೧೬.೭ ಮಿಲಿಸೆಕೆಂಡು. ಅಷ್ಟರಲ್ಲಿ ಕುದುರೆಯ ಕಾಲು ಎಲ್ಲಿರಬೇಕು, ನೆರಳು ಎತ್ತ ಬೀಳಬೇಕು, ಗುಂಡು ಗೋಡೆಗೆ ತಾಕಿತೋ ಇಲ್ಲವೋ ಎಂಬುದೆಲ್ಲವನ್ನೂ ಲೆಕ್ಕ ಹಾಕಬೇಕು. ಈ ಲೆಕ್ಕದ ಸೂಚನೆಗಳನ್ನು ಬರೆಯುವವರು ಪ್ರೋಗ್ರಾಮರುಗಳು.

ಅವರಲ್ಲದೆ ಮರ, ಮನೆ, ಮುಖಗಳನ್ನು ರೂಪಿಸುವ ಕಲಾವಿದರು, ಚಲನೆಯನ್ನು ಕೊಡುವವರು, ಕಥೆ ಬರೆಯುವವರು, ಧ್ವನಿ ಕೂಡಿಸುವವರು ಬೇರೆ ಬೇರೆ. ಇವರೆಲ್ಲರ ಕೊನೆಗೆ ಪರೀಕ್ಷಕರೆಂಬ ಒಂದು ವರ್ಗವಿದೆ. ಒಂದೇ ಬಾಗಿಲನ್ನು ನೂರು ಸಲ ತೆರೆದು, ಒಂದೇ ಗೋಡೆಗೆ ನೂರು ಸಲ ಡಿಕ್ಕಿ ಹೊಡೆದು, ಎಲ್ಲಿ ತಪ್ಪು ನಡೆಯುತ್ತದೆಂದು ಬರೆದಿಡುವುದು ಇವರ ಕೆಲಸ. 'ದಿನವಿಡೀ ಆಟವಾಡಿದರೆ ಸಂಬಳ' ಎಂದು ಹೊರಗಿನವರು ಅಸೂಯೆಪಡುವುದುಂಟು. ಒಂದೇ ಪುಟವನ್ನು ಆರು ತಿಂಗಳು ಓದಬೇಕಾದವನ ಪಾಡು ಎಂತಹದೋ ಇವರ ಪಾಡೂ ಅಂತಹದೇ.

ಕೆಲಸದ ಗಾತ್ರವನ್ನು ತಿಳಿಯಲು ಒಂದು ನಿದರ್ಶನ ಸಾಕು. ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಎಂಬ ಕಂಪನಿ ೨೦೧೮ರ ಅಕ್ಟೋಬರ್ ೨೬ರಂದು 'ರೆಡ್ ಡೆಡ್ ರಿಡೆಂಪ್ಷನ್ ೨' ಎಂಬ ಆಟವನ್ನು ಹೊರತಂದಿತು. ಕಂಪನಿಯವರೇ ತಿಳಿಸಿದಂತೆ ಅದರಲ್ಲಿ ಸುಮಾರು ೩ ಲಕ್ಷ ಚಲನೆಯ ತುಣುಕುಗಳೂ ೫ ಲಕ್ಷ ಸಾಲು ಸಂಭಾಷಣೆಯೂ ಇದ್ದವು. ಅಮೆರಿಕ, ಬ್ರಿಟನ್, ಕೆನಡಾಗಳ ಶಾಖೆಗಳ ಜೊತೆಗೆ ಬೆಂಗಳೂರಿನ ಶಾಖೆಯೂ ಈ ನಿರ್ಮಾಣದಲ್ಲಿ ಭಾಗವಹಿಸಿತ್ತು.

ಬೆಂಗಳೂರಿನಲ್ಲಿ ಈ ಉದ್ಯಮ ಬೇರೂರಿದ್ದು ೧೯೯೭ರಲ್ಲಿ. ಆ ವರ್ಷ ರಾಜೇಶ್ ರಾವ್ ಎಂಬವರು ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ನಮ್ಮ ದೇಶದ ಮೊದಮೊದಲ ಆಟ-ನಿರ್ಮಾಣ ಸಂಸ್ಥೆಗಳಲ್ಲಿ ಅದು ಒಂದು. ಹೊರದೇಶದ ದೊಡ್ಡ ಕಂಪನಿಗಳ ಆಟಗಳಿಗೆ ಬೇಕಾದ ಕಾರುಗಳು, ಕಟ್ಟಡಗಳು, ಪಾತ್ರಗಳು ಮುಂತಾದುವನ್ನು ಇಲ್ಲಿಯ ಕಲಾವಿದರು ರೂಪಿಸಿ ಕಳುಹಿಸುತ್ತಿದ್ದರು. ರಾಕ್‌ಸ್ಟಾರ್ ಕಂಪನಿ ೨೦೧೬ರಲ್ಲಿ ಬೆಂಗಳೂರಿನಲ್ಲಿ ತನ್ನ ಶಾಖೆಯನ್ನು ತೆರೆದು, ೨೦೧೯ರಲ್ಲಿ ಧ್ರುವ ಸಂಸ್ಥೆಯನ್ನು ಸುಮಾರು ೭೯ ಲಕ್ಷ ಡಾಲರಿಗೆ ಕೊಂಡು ತನ್ನೊಳಗೆ ಸೇರಿಸಿಕೊಂಡಿತು. ಆದುದರಿಂದ ಮುಂದೆ ಹೇಳುವ ಸಂಗತಿಯನ್ನು ದೂರದೇಶದ ಸುದ್ದಿಯೆಂದು ತಳ್ಳಿಬಿಡುವಂತಿಲ್ಲ.

ಕೊನೆಗಾಲದ ನೆರೆ

ಆಟದ ಉದ್ಯಮದಲ್ಲಿ 'ಕ್ರಂಚ್' ಎಂಬ ಮಾತು ಬಹಳವಾಗಿ ಬಳಕೆಯಲ್ಲಿದೆ. ಆಟವನ್ನು ಮಾರುಕಟ್ಟೆಗೆ ಬಿಡುವ ದಿನ ಹತ್ತಿರವಾದಾಗ ವಾರಗಟ್ಟಲೆ, ಕೆಲವು ವೇಳೆ ತಿಂಗಳುಗಟ್ಟಲೆ, ರಾತ್ರಿ ಹಗಲೆನ್ನದೆ ದುಡಿಯುವುದಕ್ಕೆ ಈ ಹೆಸರು. ಹೀಗೇಕಾಗುತ್ತದೆ? ಸೋಮಾರಿತನದಿಂದ ಅಲ್ಲ. ಆಟದ ಭಾಗಗಳು ಬೇರೆ ಬೇರೆಯಾಗಿದ್ದಾಗ ಸರಿಯಾಗಿಯೇ ಇರುತ್ತವೆ. ಎಲ್ಲವನ್ನೂ ಕೂಡಿಸಿದಾಗಲೇ ತಪ್ಪುಗಳು ಹೊರಬೀಳುತ್ತವೆ. ಕೂಡಿಸುವ ಕೆಲಸವಾದರೋ ಕೊನೆಯಲ್ಲಿ ಬರತಕ್ಕದ್ದು. ಮಾರಾಟದ ದಿನವನ್ನು ಎಷ್ಟೋ ಮೊದಲೇ ಸಾರಿಬಿಟ್ಟಿರುತ್ತಾರೆ. ಹೀಗೆ ಎಲ್ಲ ಕೆಲಸವೂ ಒಂದೇ ಕಾಲಕ್ಕೆ ನೆರೆಯಂತೆ ನುಗ್ಗುತ್ತದೆ.

'ಹಾಗಾದರೆ ಇನ್ನಷ್ಟು ಜನರನ್ನು ಸೇರಿಸಿಕೊಳ್ಳಬಾರದೆ?' ಎಂದು ನೀವು ಕೇಳಬಹುದು. ಇದಕ್ಕೆ ಫ್ರೆಡ್ ಬ್ರೂಕ್ಸ್ ಎಂಬ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ೧೯೭೫ರಲ್ಲಿಯೇ ಉತ್ತರ ಹೇಳಿದ್ದಾರೆ. ತಡವಾದ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂಬುದು ಅವರ ನಿಯಮ. ಹೊಸಬರಿಗೆ ಹಳಬರು ಕಲಿಸಬೇಕು. ಅದು ಒಂದು ಕಾರಣ. ಒಬ್ಬೊಬ್ಬರ ಕೆಲಸವೂ ಉಳಿದವರ ಕೆಲಸಕ್ಕೆ ಹೊಂದಬೇಕಾದ್ದರಿಂದ ಪರಸ್ಪರ ಮಾತುಕತೆ ಹೆಚ್ಚುತ್ತದೆ, ಅದು ಎರಡನೆಯದು. ೧೦ ಜನರಲ್ಲಿ ಇಬ್ಬಿಬ್ಬರಂತೆ ಮಾತನಾಡಿಕೊಳ್ಳಬೇಕಾದ ಜೋಡಿಗಳು ೪೫. ೨೦ ಜನರಾದರೆ ೧೯೦. ೫೦ ಜನರಾದರೆ ೧,೨೨೫. ಜನ ಐದುಪಟ್ಟಾದಾಗ ಜೋಡಿಗಳು ಇಪ್ಪತ್ತೇಳು ಪಟ್ಟಾದುವಲ್ಲವೆ? ಗದ್ದೆ ನಾಟಿಗೆ ಹತ್ತು ಆಳು ಹೆಚ್ಚಿಗೆ ಬಂದರೆ ಕೆಲಸ ಬೇಗ ಮುಗಿಯುತ್ತದೆ. ಏಕೆಂದರೆ ಒಬ್ಬಳ ಸಾಲು ಇನ್ನೊಬ್ಬಳ ಸಾಲನ್ನು ಕಾಯಬೇಕಾಗಿಲ್ಲ. ಆಟದ ನಿರ್ಮಾಣ ಅಂತಹ ಕೆಲಸವಲ್ಲ.

ನೆರೆಯನ್ನು ತಡೆಯುವ ಉಪಾಯವೇನೆಂಬುದು ಗಂಗಾವತಿ ಸೀಮೆಯವರಿಗೆ ಗೊತ್ತು. ಹೂಳು ತುಂಬಿದ್ದರಿಂದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಮೊದಲಿದ್ದ ಸುಮಾರು ೧೩೩ ಟಿ.ಎಂ.ಸಿ. ಅಡಿಯಿಂದ ಸುಮಾರು ೧೦೫ಕ್ಕೆ ಇಳಿದಿದೆ. ಮಳೆಗಾಲದಲ್ಲಿ ನೀರು ಹೆಚ್ಚಾಗಿ ಹೊರಗೆ ಹರಿದು ಹೋಗುತ್ತದೆ. ಬೇಸಗೆಯಲ್ಲಿ ಕಾಲುವೆಯ ಕೊನೆಯ ರೈತ ಆಕಾಶ ನೋಡುತ್ತಾನೆ. ಆದಕಾರಣವೇ ನವಲಿಯ ಬಳಿ ಒಂದು ಸಮತೋಲನ ಜಲಾಶಯವನ್ನು ಕಟ್ಟಬೇಕೆಂಬ ಯೋಜನೆ ಬಹುಕಾಲದಿಂದ ಚರ್ಚೆಯಲ್ಲಿದೆ. ಹೆಚ್ಚಾದಾಗ ಹಿಡಿದಿಟ್ಟು, ಕಡಿಮೆಯಾದಾಗ ಬಿಡುವುದು ಇದರ ತತ್ತ್ವ. ಕೆಲಸಕ್ಕೂ ಇಂತಹ ಸಮತೋಲನ ಜಲಾಶಯ ಬೇಕು. ಮೊದಲೇ ಭಾಗಗಳನ್ನು ಕೂಡಿಸಿ ನೋಡುವುದು, ತಪ್ಪು ತಿದ್ದಲು ಅವಧಿಯನ್ನು ಮೊದಲೇ ಮೀಸಲಿಡುವುದು, ಬೇಕಾದರೆ ಮಾರಾಟದ ದಿನವನ್ನೇ ಮುಂದೂಡುವುದು ಇವೇ ಆ ಜಲಾಶಯ. ಅದನ್ನು ಕಟ್ಟದಿದ್ದಲ್ಲಿ ನೆರೆಯೆಲ್ಲ ನೌಕರನ ನಿದ್ರೆಯ ಮೇಲೆ ಹರಿಯುತ್ತದೆ.

ನೂರು ಗಂಟೆಯ ವಾರ

೨೦೧೮ರ ಅಕ್ಟೋಬರ್ ಮಧ್ಯದಲ್ಲಿ ರಾಕ್‌ಸ್ಟಾರ್ ಸಂಸ್ಥಾಪಕರಲ್ಲೊಬ್ಬರಾದ ಡ್ಯಾನ್ ಹೌಸರ್ ನ್ಯೂಯಾರ್ಕಿನ ಒಂದು ಪತ್ರಿಕೆಗೆ ಸಂದರ್ಶನ ಕೊಟ್ಟರು. ಹೊಸ ಆಟಕ್ಕಾಗಿ ಆ ವರ್ಷ ಹಲವು ಸಲ ವಾರಕ್ಕೆ ನೂರು ಗಂಟೆ ದುಡಿದೆವೆಂದು ಅವರು ಹೇಳಿದರು. ಅವರ ಮಾತಿನಲ್ಲಿ ಹೆಮ್ಮೆಯಿತ್ತು. ಓದಿದವರಿಗೆ ಮಾತ್ರ ಬೆರಗಾಯಿತು.

ನೂರು ಗಂಟೆಯೆಂದರೇನೆಂದು ನಾವೇ ಲೆಕ್ಕ ಹಾಕಿ ನೋಡೋಣ. ವಾರಕ್ಕೆ ಇರುವುದೇ ೧೬೮ ಗಂಟೆ. ನೂರನ್ನು ಕಳೆದರೆ ೬೮. ದಿನಕ್ಕೆ ೮ ಗಂಟೆಯಂತೆ ನಿದ್ರೆಗೆ ೫೬ ಹೋದರೆ ಉಳಿಯುವುದು ೧೨. ಸ್ನಾನ, ಊಟ, ಓಡಾಟ, ಮನೆಮಂದಿ, ಕಾಯಿಲೆ, ಕಷ್ಟ, ಸುಖ ಎಲ್ಲಕ್ಕೂ ಸೇರಿ ದಿನಕ್ಕೆ ಎರಡು ಗಂಟೆಗಿಂತಲೂ ಕಡಿಮೆ! ಹೀಗಿರಲು ಕೊರತೆ ಬೀಳುವುದು ನಿದ್ರೆಗೇ ಎಂಬುದು ಸ್ಪಷ್ಟ.

ಟೀಕೆಗಳು ಬಂದುವು. ಹೌಸರ್ ಅವರು ವಿವರಣೆ ಕೊಟ್ಟರು: ತಾವು ಹೇಳಿದ್ದು ತಮ್ಮನ್ನೂ ಸೇರಿಸಿ ನಾಲ್ವರು ಹಿರಿಯ ಬರಹಗಾರರ ಮೂರು ವಾರದ ಅವಧಿಯನ್ನು ಕುರಿತು ಮಾತ್ರ, ಉಳಿದ ನೌಕರರು ಹಾಗೆ ದುಡಿಯಬೇಕೆಂದು ಕಂಪನಿ ನಿರೀಕ್ಷಿಸುವುದಿಲ್ಲ. ಇದಾದ ಎರಡು ಮೂರು ದಿನಗಳಲ್ಲಿಯೇ ಕಂಪನಿ ಮತ್ತೊಂದು ಹೆಜ್ಜೆ ಮುಂದಿಟ್ಟಿತು. ಅದುವರೆಗೆ ನೌಕರರು ತಮ್ಮ ಕೆಲಸದ ವಿಷಯವನ್ನು ಸಾಮಾಜಿಕ ಜಾಲತಾಣಗಳಲ್ಲಿ ಹೇಳಕೂಡದೆಂದಿದ್ದ ನಿಯಮವನ್ನು ಸಡಿಲಿಸಿ, ಯಾರು ಬೇಕಾದರೂ ತಮ್ಮ ಅನುಭವವನ್ನು ಬಹಿರಂಗವಾಗಿ ಹೇಳಬಹುದೆಂದು ಅನುಮತಿ ಕೊಟ್ಟಿತು. ಗುಟ್ಟಿಗೆ ಹೆಸರಾದ ಆ ಉದ್ಯಮದಲ್ಲಿ ಇದು ಅಪೂರ್ವವೇ ಸರಿ.

ನೌಕರರು ಮಾತನಾಡಿದರು. ತಾವು ಎಂದೂ ನೂರು ಗಂಟೆಯ ಹತ್ತಿರಕ್ಕೂ ಹೋಗಿಲ್ಲವೆಂದು ಅನೇಕರು ಹೆಸರಿಟ್ಟು ಬರೆದರು. ಹಿಂದಿನ ಆಟಗಳ ಕಾಲದಲ್ಲಿ ಕಷ್ಟಪಟ್ಟದ್ದು ನಿಜ, ಈಗ ಸುಧಾರಿಸಿದೆ ಎಂದು ಕೆಲವರೆಂದರು. ಇದೇ ಸಮಯದಲ್ಲಿ ಅಮೆರಿಕದ ಪತ್ರಕರ್ತರೊಬ್ಬರು ಎಪ್ಪತ್ತಕ್ಕೂ ಹೆಚ್ಚು ಮಂದಿ ಹಾಲಿ ಮತ್ತು ಮಾಜಿ ನೌಕರರೊಡನೆ ಮಾತನಾಡಿ ಒಂದು ದೀರ್ಘ ವರದಿಯನ್ನು ಪ್ರಕಟಿಸಿದರು. ಅದರಲ್ಲಿ ಬೇರೊಂದು ಚಿತ್ರ ಕಂಡಿತು: ರಾತ್ರಿ ಮತ್ತು ವಾರಾಂತ್ಯಗಳ ದುಡಿಮೆ, ಬಿಟ್ಟು ಹೊರಟರೆ ಏನೆಂದುಕೊಂಡಾರೋ ಎಂಬ ಅಂಜಿಕೆ, ಬ್ರಿಟನ್ನಿನ ಲಿಂಕನ್ ನಗರದಲ್ಲಿದ್ದ ಪರೀಕ್ಷಕರ ಹೆಚ್ಚುವರಿ ಪಾಳಿಗಳು. ಆ ಪರೀಕ್ಷಕರಿಗೆ ಇನ್ನು ಮುಂದೆ ಹೆಚ್ಚುವರಿ ದುಡಿಮೆ ಕಡ್ಡಾಯವಲ್ಲವೆಂದು ಕಂಪನಿ ಆ ದಿನಗಳಲ್ಲಿಯೇ ತಿಳಿಸಿತು. ಮಾತಿನಿಂದ ಏನಾದೀತು ಎನ್ನುವವರು ಇದನ್ನು ಗಮನಿಸಬೇಕು.

ಸಾಕ್ಷಿಯನ್ನು ತೂಗುವ ಬಗೆ

ಈಗ ನಮ್ಮ ಮುಂದೆ ಎರಡು ಬಗೆಯ ಸಾಕ್ಷ್ಯವಿದೆ. ಒಂದು 'ಕಷ್ಟವಿಲ್ಲ' ಎನ್ನುತ್ತದೆ. ಇನ್ನೊಂದು 'ಕಷ್ಟವಿದೆ' ಎನ್ನುತ್ತದೆ. ಯಾರಾದರೊಬ್ಬರು ಸುಳ್ಳು ಹೇಳುತ್ತಿರಬೇಕೆ? ಹಾಗೇನೂ ಇಲ್ಲ. ಆ ವರ್ಷ ನೌಕರರ ವಾರದ ಸರಾಸರಿ ದುಡಿಮೆ ೪೨ರಿಂದ ೪೬ ಗಂಟೆಗಳ ನಡುವೆ ಇತ್ತೆಂದು ಕಂಪನಿ ಅಂಕಿಗಳನ್ನು ಕೊಟ್ಟಿತ್ತು. ಸರಾಸರಿ ಎಂಬುದು ಒಂದು ಮುಸುಕು. ಹತ್ತು ಜನರಿರುವ ಒಂದು ಕೋಣೆಯನ್ನು ಕಲ್ಪಿಸಿಕೊಳ್ಳಿ. ಒಂಬತ್ತು ಮಂದಿ ವಾರಕ್ಕೆ ೪೦ ಗಂಟೆ ದುಡಿಯುತ್ತಾರೆ. ಹತ್ತನೆಯವನು ೯೦ ಗಂಟೆ. ಒಟ್ಟು ೪೫೦ ಗಂಟೆ, ಸರಾಸರಿ ೪೫. ಈ ಸರಾಸರಿ ಸುಳ್ಳಲ್ಲ. ಒಂಬತ್ತು ಮಂದಿ 'ನಮಗೆ ತೊಂದರೆಯಿಲ್ಲ' ಎಂದರೆ ಅದೂ ಸುಳ್ಳಲ್ಲ. ಆದರೆ ಆ ಹತ್ತನೆಯವನ ಸಂಗತಿ ಸರಾಸರಿಯಲ್ಲಿ ಮುಳುಗಿಹೋಯಿತು. ಅವನೇ ಬಾಯಿ ಬಿಟ್ಟು ಹೇಳದಿದ್ದರೆ ಯಾರಿಗೂ ತಿಳಿಯದು.

ಇನ್ನು ಮಾತನಾಡಿದವರು ಯಾರು ಎಂಬುದನ್ನೂ ನೋಡಬೇಕು. ಹಾಲಿ ನೌಕರನು ತನ್ನ ಹೆಸರಿನಲ್ಲಿ ಬರೆಯುವಾಗ ಮೇಲಧಿಕಾರಿ ಓದುತ್ತಾನೆಂಬುದು ಅವನಿಗೆ ಗೊತ್ತು. ಮಾತನಾಡಲು ಅನುಮತಿ ಸಿಕ್ಕಿದ ಮಾತ್ರಕ್ಕೆ ಅಂಜಿಕೆ ಹೋಗುವುದಿಲ್ಲ. ಕೆಲಸ ಬಿಟ್ಟವನಿಗೆ ಅಂಜಿಕೆ ಕಡಿಮೆ. ಆದರೆ ಹಳೆಯ ಕಹಿ ಅವನ ಮಾತಿಗೆ ಬಣ್ಣ ಕಟ್ಟಬಹುದು. ಹೆಸರು ಮರೆಸಿ ಹೇಳುವವನು ನಿರ್ಭಯವಾಗಿ ಹೇಳಬಲ್ಲ. ಆದರೆ ಅವನನ್ನು ಮರುಪ್ರಶ್ನೆ ಮಾಡುವಂತಿಲ್ಲ. ಹಾಗೆಂದು ಯಾವ ಸಾಕ್ಷ್ಯವನ್ನೂ ಎಸೆಯಬೇಕಾಗಿಲ್ಲ. ವಿಜ್ಞಾನಿಯು ಒಂದೇ ಉಪಕರಣದ ಒಂದೇ ಅಳತೆಯನ್ನು ನಂಬುವುದಿಲ್ಲ. ಬೇರೆ ಬೇರೆ ಉಪಕರಣಗಳು, ಬೇರೆ ಬೇರೆ ಸ್ಥಳಗಳಲ್ಲಿ, ಒಂದನ್ನೊಂದು ನೋಡದೆ ಒಂದೇ ಉತ್ತರವನ್ನು ಕೊಟ್ಟಾಗ ನಂಬುತ್ತಾನೆ. ಪರಸ್ಪರ ಪರಿಚಯವಿಲ್ಲದ ಹಲವರು ಒಂದೇ ಬಗೆಯ ಸಂಗತಿಯನ್ನು ಹೇಳಿದರೆ ಆ ಮಾತಿಗೆ ತೂಕ ಬರುವುದು ಇದೇ ಕಾರಣದಿಂದ.

ದೇಹ ಹೇಳುವ ಸಾಕ್ಷ್ಯ

ಮನುಷ್ಯರ ಮಾತು ಒತ್ತಟ್ಟಿಗಿರಲಿ, ದೇಹದ ಸಾಕ್ಷ್ಯವೇನು? ಒಂದನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಹೆಂಗಸರೂ ಗಂಡಸರೂ ವಾರಕ್ಕೆ ಎಪ್ಪತ್ತು ಗಂಟೆಗಳಿಗೂ ಮೀರಿ ದುಡಿದದ್ದುಂಟು. ೧೯೧೫ರಲ್ಲಿ ಸರ್ಕಾರವು ಅವರ ಆರೋಗ್ಯವನ್ನು ಪರಿಶೀಲಿಸಲು ಒಂದು ಸಮಿತಿಯನ್ನು ನೇಮಿಸಿತು. ಆ ಸಮಿತಿಯವರು ಬರೆದಿಟ್ಟ ಅಂಕಿಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾನ್ ಪೆನ್ಕಾವೆಲ್ ಅವರು ಸುಮಾರು ನೂರು ವರ್ಷಗಳ ಮೇಲೆ, ೨೦೧೪ರಲ್ಲಿ, ಮತ್ತೆ ವಿಶ್ಲೇಷಿಸಿದರು. ವಾರಕ್ಕೆ ಸುಮಾರು ೪೯ ಗಂಟೆಯವರೆಗೆ ದುಡಿಮೆ ಹೆಚ್ಚಿದಂತೆ ಉತ್ಪನ್ನವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತಿತ್ತು. ಅದನ್ನು ದಾಟಿದ ಮೇಲೆ ಏರಿಕೆ ಕುಗ್ಗುತ್ತಿತ್ತು. ೭೦ ಗಂಟೆ ದುಡಿದವರ ಉತ್ಪನ್ನಕ್ಕೂ ೫೬ ಗಂಟೆ ದುಡಿದವರ ಉತ್ಪನ್ನಕ್ಕೂ ಹೇಳಿಕೊಳ್ಳುವಂತಹ ಅಂತರವಿರಲಿಲ್ಲ. ಹದಿನಾಲ್ಕು ಗಂಟೆಗಳು ಗಾಳಿಗೆ ಹೋದಂತಾಯಿತು!

ನಿದ್ರೆಗೆಟ್ಟ ಮೆದುಳಿನ ವಿಷಯದಲ್ಲಿಯೂ ಪ್ರಯೋಗಗಳು ನಡೆದಿವೆ. ಒಂದೇ ಸಮನೆ ೧೭ ಗಂಟೆ ಎಚ್ಚರವಾಗಿದ್ದವನ ಕೈಗಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ ನೂರಕ್ಕೆ ೦.೦೫ರಷ್ಟು ಮದ್ಯಸಾರವಿರುವವನ ಮಟ್ಟಕ್ಕೆ ಇಳಿಯುತ್ತದೆಂದು ಆಸ್ಟ್ರೇಲಿಯದ ಸಂಶೋಧಕರು ೧೯೯೭ರಲ್ಲಿ ತೋರಿಸಿಕೊಟ್ಟರು. ೨೦೦೩ರಲ್ಲಿ ಪ್ರಕಟವಾದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಪ್ರಯೋಗ ಇನ್ನೂ ಎಚ್ಚರಿಕೆ ಹುಟ್ಟಿಸತಕ್ಕದ್ದು. ಹದಿನಾಲ್ಕು ದಿನ ರಾತ್ರಿ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ನಿದ್ರೆ ಮಾಡಿದವರ ಗಮನಶಕ್ತಿ, ಒಂದೆರಡು ರಾತ್ರಿ ಪೂರ್ತಿ ನಿದ್ರೆಗೆಟ್ಟವರಷ್ಟೇ ಕುಗ್ಗಿತು. ಆದರೆ ತಮ್ಮ ಶಕ್ತಿ ಇಷ್ಟು ಕುಗ್ಗಿದೆಯೆಂಬುದು ಅವರಿಗೇ ಬಹುಮಟ್ಟಿಗೆ ತಿಳಿಯಲಿಲ್ಲ! 'ನನಗೇನೂ ಆಯಾಸವಿಲ್ಲ' ಎಂಬ ಮಾತನ್ನು, ಹೇಳುವವನು ಪ್ರಾಮಾಣಿಕನಾಗಿದ್ದರೂ, ಪೂರ್ತಿ ನಂಬುವಂತಿಲ್ಲವೆಂದು ಇದರಿಂದ ತಿಳಿಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಗಳನ್ನು ಪುಸ್ತಕದ ಮುಂದೆ ಕಳೆಯುವ ವಿದ್ಯಾರ್ಥಿಗಳೂ ಇದನ್ನು ನೆನಪಿನಲ್ಲಿಡಬೇಕು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು ೨೦೨೧ರಲ್ಲಿ ಒಂದು ಜಂಟಿ ಅಂದಾಜನ್ನು ಪ್ರಕಟಿಸಿದುವು. ವಾರಕ್ಕೆ ೩೫ರಿಂದ ೪೦ ಗಂಟೆ ದುಡಿಯುವವರಿಗೆ ಹೋಲಿಸಿದರೆ, ೫೫ ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ನೂರಕ್ಕೆ ೩೫ರಷ್ಟೂ, ರಕ್ತದ ಕೊರತೆಯಿಂದ ಬರುವ ಹೃದ್ರೋಗದಿಂದ ಸಾಯುವ ಅಪಾಯ ನೂರಕ್ಕೆ ೧೭ರಷ್ಟೂ ಹೆಚ್ಚೆಂದು ಅದು ತಿಳಿಸುತ್ತದೆ. ೨೦೧೬ರಲ್ಲಿ ಹೀಗೆ ದೀರ್ಘ ದುಡಿಮೆಗೆ ಸಂಬಂಧಿಸಿ ಸತ್ತವರ ಸಂಖ್ಯೆ ೭ ಲಕ್ಷ ೪೫ ಸಾವಿರವೆಂದು ಅಂದಾಜು.

ಮೊದಲು ಮಾತನಾಡಿದವರು

ಆಟದ ಉದ್ಯಮದ ಒಳಗಿನ ಮಾತು ಹೊರಗೆ ಬಂದದ್ದು ನೌಕರರ ಬಾಯಿಂದ ಮಾತ್ರವಲ್ಲ, ಮನೆಯವರ ಬಾಯಿಂದಲೂ. ೨೦೦೪ರ ನವೆಂಬರಿನಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ನೌಕರನೊಬ್ಬನ ಸಂಗಾತಿ, ಹೆಸರು ಮರೆಸಿ, ಒಂದು ಬಹಿರಂಗ ಪತ್ರ ಬರೆದರು. ವಾರದ ಏಳು ದಿನವೂ ಬೆಳಗ್ಗೆಯಿಂದ ರಾತ್ರಿಯವರೆಗೆ ದುಡಿಮೆ, ಹೆಚ್ಚುವರಿ ಕೂಲಿಯಿಲ್ಲ ಎಂಬುದು ಅದರ ಸಾರಾಂಶ. ಪತ್ರ ಜಗತ್ತೆಲ್ಲ ಹರಡಿತು. ಬರೆದವರು ಎರಿನ್ ಹಾಫ್‌ಮನ್ ಎಂಬುದು ಆಮೇಲೆ ತಿಳಿಯಿತು. ಅದೇ ಕಾಲದಲ್ಲಿ ನಡೆದ ಮೊಕದ್ದಮೆಗಳ ರಾಜಿಯಲ್ಲಿ ಕಂಪನಿಯು ಕಲಾವಿದರಿಗೆ ಸುಮಾರು ೧ ಕೋಟಿ ೫೬ ಲಕ್ಷ ಡಾಲರನ್ನೂ, ಪ್ರೋಗ್ರಾಮರುಗಳಿಗೆ ಸುಮಾರು ೧ ಕೋಟಿ ೪೯ ಲಕ್ಷ ಡಾಲರನ್ನೂ ಕೊಡಲೊಪ್ಪಿತು. ೨೦೧೦ರ ಜನವರಿಯಲ್ಲಿ ರಾಕ್‌ಸ್ಟಾರ್ ಕಂಪನಿಯ ಸ್ಯಾನ್ ಡಿಯಾಗೊ ಶಾಖೆಯ ನೌಕರರ ಹೆಂಡಂದಿರು ಇಂತಹದೇ ಒಂದು ಪತ್ರವನ್ನು ಪ್ರಕಟಿಸಿದರು. ೨೦೨೧ರ ಜುಲೈನಲ್ಲಿ ಕ್ಯಾಲಿಫೋರ್ನಿಯ ಸರ್ಕಾರದ ಇಲಾಖೆಯೊಂದು ಆಕ್ಟಿವಿಷನ್ ಬ್ಲಿಜರ್ಡ್ ಕಂಪನಿಯ ಮೇಲೆ ಹೆಂಗಸರ ವಿಷಯದಲ್ಲಿ ತಾರತಮ್ಯ ಮತ್ತು ಕಿರುಕುಳದ ಆರೋಪ ಹೊರಿಸಿದಾಗ ಎರಡು ಸಾವಿರಕ್ಕೂ ಹೆಚ್ಚು ಹಾಲಿ ಮತ್ತು ಮಾಜಿ ನೌಕರರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಆ ತಿಂಗಳ ೨೮ರಂದು ಕೆಲಸ ನಿಲ್ಲಿಸಿ ಹೊರಗೆ ಬಂದರು.

ಸಂಗಾತಿ ಬರೆದ ಪತ್ರದಿಂದ ಸಾವಿರಾರು ಸಹಿಗಳವರೆಗೆ ಹದಿನೇಳು ವರ್ಷ ಹಿಡಿಯಿತು. ಒಬ್ಬನೇ ಹೇಳಿದರೆ ಕೆಲಸ ಹೋದೀತು. ಎಲ್ಲರೂ ಕೂಡಿ ಹೇಳಿದರೆ ಕೇಳಲೇಬೇಕಾದೀತು ಎಂಬುದನ್ನು ಕಲಿಯಲು ಬೇಕಾದ ಕಾಲವದು.

ಮೌನದ ಬೆಲೆ

ನೌಕರರು ಮಾತನಾಡಿದರೆ ಕಂಪನಿಗೆ ನಷ್ಟವೆಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಇದು ಅಷ್ಟು ಸರಳವಲ್ಲ. ಅಮೆರಿಕದ ಏಮಿ ಎಡ್ಮಂಡ್‌ಸನ್ ಎಂಬ ವಿದ್ವಾಂಸರು ೧೯೯೦ರ ದಶಕದಲ್ಲಿ ಆಸ್ಪತ್ರೆಗಳ ದಾದಿಯರ ತಂಡಗಳನ್ನು ಅಭ್ಯಾಸ ಮಾಡಿದರು. ಒಳ್ಳೆಯ ತಂಡದಲ್ಲಿ ಔಷಧ ಕೊಡುವಾಗಿನ ತಪ್ಪುಗಳು ಕಡಿಮೆಯಿರಬೇಕೆಂಬುದು ಅವರ ನಿರೀಕ್ಷೆ. ಲೆಕ್ಕ ತಿರುವುಮುರುವಾಗಿ ಬಂದಿತು! ಒಳ್ಳೆಯ ತಂಡಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದುವು. ವಿಚಾರಿಸಿದಾಗ ಕಾರಣ ತಿಳಿಯಿತು. ಆ ತಂಡಗಳವರು ಹೆಚ್ಚು ತಪ್ಪು ಮಾಡುತ್ತಿದ್ದರೆಂದಲ್ಲ; ಆದ ತಪ್ಪನ್ನು ಅಂಜದೆ ಹೇಳುತ್ತಿದ್ದರು. ಉಳಿದೆಡೆ ಅಂಜಿಕೆಯಿಂದ ಮುಚ್ಚಿಡುತ್ತಿದ್ದರು. ದೂರುಗಳೇ ಇಲ್ಲದ ಕಚೇರಿ ಒಳ್ಳೆಯ ಕಚೇರಿಯೆಂದು ತಿಳಿಯುವುದು ಎಷ್ಟು ಅಪಾಯವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಆಟದ ಕಂಪನಿಯಲ್ಲಿಯೂ ಹಾಗೆಯೇ. 'ಈ ಭಾಗ ಹೇಳಿದ ದಿನಕ್ಕೆ ಮುಗಿಯುವುದಿಲ್ಲ' ಎಂದು ಮೊದಲ ತಿಂಗಳಲ್ಲಿಯೇ ಹೇಳುವ ಧೈರ್ಯ ನೌಕರನಿಗಿದ್ದರೆ ಯೋಜನೆಯನ್ನು ತಿದ್ದಬಹುದು. ಅಂಜಿ ಸುಮ್ಮನಿದ್ದರೆ ಆ ಸಂಗತಿ ಕೊನೆಯ ತಿಂಗಳಲ್ಲಿ ನೆರೆಯಾಗಿ ಬರುತ್ತದೆ. ಒಳಗೆ ಕೇಳುವ ಕಿವಿಯಿದ್ದಲ್ಲಿ ಮಾತು ಬೀದಿಗೆ ಬರುವುದು ವಿರಳ.

ಯಾವುದು ಗುಟ್ಟು, ಯಾವುದು ಗುಟ್ಟಲ್ಲ?

ಹಾಗಾದರೆ ನೌಕರನು ಏನನ್ನು ಬೇಕಾದರೂ ಹೇಳಬಹುದೆ? ಇಲ್ಲ. ಆಟದ ಕಥೆ, ಚಿತ್ರ, ಪ್ರೋಗ್ರಾಮು ಇವು ಕಂಪನಿಯ ಸ್ವತ್ತು. ೨೦೨೨ರ ಸೆಪ್ಟೆಂಬರಿನಲ್ಲಿ ಹೊರಗಿನ ಕಳ್ಳನೊಬ್ಬ ರಾಕ್‌ಸ್ಟಾರ್ ಕಂಪನಿಯ ಕಂಪ್ಯೂಟರುಗಳಿಗೆ ನುಗ್ಗಿ, ಇನ್ನೂ ತಯಾರಾಗುತ್ತಿದ್ದ ಆಟದ ಸುಮಾರು ೯೦ ತುಣುಕುಗಳನ್ನು ಬಯಲಿಗೆಳೆದಾಗ ಎಷ್ಟೋ ಮಂದಿಯ ವರ್ಷಗಳ ಶ್ರಮ ಅರೆಬೆಂದ ಸ್ಥಿತಿಯಲ್ಲಿ ಬೀದಿಗೆ ಬಂದಿತು. ಇಂತಹ ಗುಟ್ಟನ್ನು ಕಾಯುವುದು ನ್ಯಾಯವೇ. ಆದರೆ ದುಡಿದ ಗಂಟೆ, ಪಡೆದ ಕೂಲಿ, ಸಹಿಸಿದ ಅವಮಾನ ಇವು ನೌಕರನ ಸ್ವಂತ ಬಾಳಿನ ಸಂಗತಿಗಳು. ಅಮೆರಿಕದ ೧೯೩೫ರ ಕಾರ್ಮಿಕ ಸಂಬಂಧಗಳ ಕಾನೂನು, ನೌಕರರು ಕೂಲಿ ಮತ್ತು ಕೆಲಸದ ಪರಿಸ್ಥಿತಿಗಳನ್ನು ಕುರಿತು ಒಟ್ಟಾಗಿ ಮಾತನಾಡುವುದಕ್ಕೆ ರಕ್ಷಣೆ ಕೊಡುತ್ತದೆ. ೨೦೨೨ರ ಜನವರಿ ೧ರಿಂದ ಜಾರಿಗೆ ಬಂದ ಕ್ಯಾಲಿಫೋರ್ನಿಯದ ಕಾನೂನು, ಕೆಲಸದ ಸ್ಥಳದ ಕಿರುಕುಳ ಮತ್ತು ತಾರತಮ್ಯವನ್ನು ಮುಚ್ಚಿಡುವಂತೆ ಒಪ್ಪಂದ ಬರೆಸಿಕೊಳ್ಳುವುದಕ್ಕೆ ತಡೆ ಹಾಕಿತು.

ಈ ಎರಡರ ನಡುವಣ ಗೆರೆ ಯಾವಾಗಲೂ ಸ್ಪಷ್ಟವಾಗಿರುವುದಿಲ್ಲ. ೨೦೧೮ರಲ್ಲಿ ಮಾತನಾಡಲು ಅನುಮತಿ ಕೊಟ್ಟ ರಾಕ್‌ಸ್ಟಾರ್ ಕಂಪನಿಯೇ ೨೦೨೫ರ ಅಕ್ಟೋಬರ್ ಕೊನೆಯಲ್ಲಿ ಬ್ರಿಟನ್ ಮತ್ತು ಕೆನಡಾದಲ್ಲಿ ಮೂವತ್ತಕ್ಕೂ ಹೆಚ್ಚು ನೌಕರರನ್ನು ವಜಾ ಮಾಡಿತು. ಗೋಪ್ಯ ಮಾಹಿತಿಯನ್ನು ಬಹಿರಂಗ ವೇದಿಕೆಯಲ್ಲಿ ಹಂಚಿಕೊಂಡರೆಂಬುದು ಕಂಪನಿಯ ವಾದ. ಅವರು ಕಾರ್ಮಿಕ ಸಂಘ ಕಟ್ಟುತ್ತಿದ್ದುದೇ ನಿಜವಾದ ಕಾರಣವೆಂಬುದು ಸಂಘದ ವಾದ. ಸಂಘವು ಕಾನೂನಿನ ಮೊರೆ ಹೊಕ್ಕಿತು. ಅನುಮತಿಯೆಂಬುದು ಕೊಟ್ಟವರು ಹಿಂದಕ್ಕೆ ತೆಗೆದುಕೊಳ್ಳಬಹುದಾದ ವಸ್ತು, ಹಕ್ಕು ಹಾಗಲ್ಲ. ಮಾತು ಯಾವುದರ ಮೇಲೆ ನಿಂತಿದೆಯೆಂಬುದನ್ನು ಆದುದರಿಂದಲೇ ವಿಚಾರಿಸಬೇಕಾಗುತ್ತದೆ.

ನಮ್ಮ ನಾಡಿನಲ್ಲಿ

ನಮ್ಮಲ್ಲಿ ೧೯೬೧ರಲ್ಲಿ ಆದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನು ದುಡಿಮೆಗೆ ದಿನಕ್ಕೆ ೯ ಗಂಟೆ, ವಾರಕ್ಕೆ ೪೮ ಗಂಟೆಗಳ ಮಿತಿಯನ್ನು ಹಾಕಿತು. ಹೆಚ್ಚುವರಿ ದುಡಿಮೆಯನ್ನು ಸೇರಿಸಿದರೂ ದಿನಕ್ಕೆ ೧೦ ಗಂಟೆ ಮೀರಕೂಡದೆಂದಿತು. ಆ ಹೆಚ್ಚುವರಿಗೆ ಇಮ್ಮಡಿ ಕೂಲಿಯನ್ನು ಗೊತ್ತುಪಡಿಸಿತು. ಕಾನೂನಿನ ಮಾತು ಒಂದಾದರೆ ಕಂಪ್ಯೂಟರ್ ಉದ್ಯಮದ ರೂಢಿ ಮತ್ತೊಂದಾಗಿ ಬೆಳೆಯಿತು. ಯುವಜನರು ವಾರಕ್ಕೆ ೭೦ ಗಂಟೆ ದುಡಿಯಬೇಕೆಂದು ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್. ಆರ್. ನಾರಾಯಣ ಮೂರ್ತಿಯವರು ೨೦೨೩ರ ಅಕ್ಟೋಬರಿನಲ್ಲಿ ಹೇಳಿದಾಗ ದೇಶದಾದ್ಯಂತ ವಾದವಿವಾದ ನಡೆಯಿತು. ೨೦೨೪ರ ಜುಲೈನಲ್ಲಿ ಕಂಪ್ಯೂಟರ್ ಉದ್ಯಮದವರಿಗೆ ದಿನಕ್ಕೆ ೧೪ ಗಂಟೆಯವರೆಗೂ ದುಡಿಯಿಸಲು ಅವಕಾಶ ಕೊಡುವ ಸಲಹೆ ರಾಜ್ಯ ಸರ್ಕಾರದ ಮುಂದೆ ಬಂದಾಗ, ಕರ್ನಾಟಕ ರಾಜ್ಯ ಐಟಿ ನೌಕರರ ಸಂಘವು ಅದನ್ನು ಬಹಿರಂಗವಾಗಿ ವಿರೋಧಿಸಿ ಕಾರ್ಮಿಕ ಸಚಿವರನ್ನು ಕಂಡು ಅಹವಾಲು ಸಲ್ಲಿಸಿತು. ೨೦೧೭ರ ಸುಮಾರಿಗೆ ಹುಟ್ಟಿದ ಈ ಸಂಘ, ಅಚ್ಚುಕಟ್ಟಾದ ಕಟ್ಟಡಗಳಲ್ಲಿ ಕುಳಿತು ದುಡಿಯುವವರೂ ಕಾರ್ಮಿಕರೇ ಎಂಬುದನ್ನು ನೆನಪಿಸಿಕೊಟ್ಟಿದೆ.

ಕಿನ್ನಾಳದ ಗೊಂಬೆಯ ಅಡಿಯಲ್ಲಿ ಅದನ್ನು ಮಾಡಿದವನ ಹೆಸರಿರುವುದಿಲ್ಲ. ಬೆಂಗಳೂರಿನ ಕಲಾವಿದ ರೂಪಿಸಿದ ಕಾರು ಜಗತ್ತಿನ ಕೋಟಿ ಪರದೆಗಳ ಮೇಲೆ ಓಡಿದರೂ ಆಡುವವರಿಗೆ ಅವನ ಹೆಸರು ತಿಳಿಯದು. ಹೆಸರು ತಿಳಿಯದಿದ್ದರೂ ಚಿಂತೆಯಿಲ್ಲ. ಅವನು ನಿದ್ರೆ ಮಾಡಿದನೇ, ಕೂಲಿ ಪಡೆದನೇ, ಅನ್ನಿಸಿದ್ದನ್ನು ಹೇಳಬಲ್ಲನೇ ಎಂಬುದಾದರೂ ತಿಳಿಯಬೇಡವೆ?

ಈ ಉದ್ಯಮ ಬೇಡವೆಂದು ಯಾರೂ ಹೇಳುತ್ತಿಲ್ಲ. ಗಣಿತ, ಭೌತವಿಜ್ಞಾನ, ಚಿತ್ರಕಲೆ, ಸಂಗೀತ, ಕಥೆ ಇಷ್ಟೂ ಒಂದೇ ಕಡೆ ಕೂಡುವ ಉದ್ಯೋಗ ಬೇರೆ ಬಹಳ ಇಲ್ಲ. ನವಲಿಯ ಶಾಲೆಯಲ್ಲಿ ಇಂದು ರೇಖಾಗಣಿತ ಕಲಿಯುತ್ತಿರುವ ಹುಡುಗಿ ನಾಳೆ ಅಲ್ಲಿ ಕುದುರೆಯ ಓಟವನ್ನು ಲೆಕ್ಕ ಹಾಕುತ್ತಿರಬಹುದು. ಆ ದಿನ ಬಂದಾಗ ಅವಳು ಸಂಬಳವೆಷ್ಟೆಂದು ಕೇಳುವುದರ ಜೊತೆಗೆ ಇನ್ನು ಮೂರು ಪ್ರಶ್ನೆಗಳನ್ನು ಕೇಳಲಿ: ಕೊನೆಯ ತಿಂಗಳುಗಳಲ್ಲಿ ವಾರಕ್ಕೆ ಎಷ್ಟು ಗಂಟೆ? ಹೆಚ್ಚುವರಿಗೆ ಕೂಲಿಯುಂಟೆ? ತೊಂದರೆಯಾದರೆ ಯಾರ ಬಳಿ ಹೇಳಬೇಕು, ಹೇಳಿದವರಿಗೆ ಹಿಂದೆ ಏನಾಗಿದೆ? ಮೂರನೆಯ ಪ್ರಶ್ನೆಗೆ ಬರುವ ಉತ್ತರದಿಂದ ಮೊದಲಿನ ಎರಡು ಉತ್ತರಗಳನ್ನು ಎಷ್ಟು ನಂಬಬಹುದೆಂಬುದೂ ಅವಳಿಗೆ ತಿಳಿದುಹೋಗುತ್ತದೆ.